ಮೂರು ಗೆರೆ ಕೊಟ್ಟು ತ್ರಿಭುಜ ಯಾವ ಬಗೆಯದು ಅಂತ ಕೇಳಿದರೆ, ಮೊದಲು ಇಳಿಜಾರು ನೋಡಿ

ಪಿಯುಸಿ ಮಕ್ಕಳಿಗೆ ಮೂರು ಸರಳ ರೇಖೆಗಳ ಸಮೀಕರಣ ಕೊಟ್ಟು, ಇವು ಒಂದನ್ನೊಂದು ಕತ್ತರಿಸಿದಾಗ ಆಗುವ ತ್ರಿಭುಜ ಯಾವ ಬಗೆಯದು ಅಂತ ಕೇಳಿ ನೋಡಿ. ಹೆಚ್ಚಿನವರು ಏನು ಮಾಡುತ್ತಾರೆ ಅಂತ ನಾನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ, ಯಾಕಂದ್ರೆ ಹಾಸನದಲ್ಲಿ ಮಹಡಿ ಮೇಲಿನ ಒಂದು ಕೋಣೆಯಲ್ಲಿ ಟ್ಯೂಷನ್ ಮಾಡುತ್ತಾ ವರ್ಷಗಟ್ಟಲೆ ಇದನ್ನೇ ನೋಡಿದ್ದೇನೆ. ಎರಡೆರಡು ಸಮೀಕರಣ ಬಿಡಿಸುತ್ತಾರೆ. ಮೂರು ಶೃಂಗ, ಅಂದರೆ ತ್ರಿಭುಜದ ಮೂಲೆ, ಹುಡುಕುತ್ತಾರೆ. ಆಮೇಲೆ ದೂರ ಸೂತ್ರ ಹಾಕಿ ಮೂರು ಬಾಹುಗಳ ಉದ್ದ ತೆಗೆಯುತ್ತಾರೆ, ಅಷ್ಟರಲ್ಲಿ ವರ್ಗಮೂಲದ ಒಳಗೆ ಒಂದು ಭಿನ್ನರಾಶಿ ಸಿಕ್ಕಿಹಾಕಿಕೊಂಡು, ಎಲ್ಲೋ ಒಂದು ಮೈನಸ್ ಬಿದ್ದುಹೋಗಿ, ಒಂದು ಪುಟ ತುಂಬಿದ ಮೇಲೆ "ಸರ್, ಇದು ಯಾವುದೂ ಅಲ್ಲ ಅಂತ ಬರ್ತಿದೆ" ಅನ್ನುತ್ತಾರೆ.

ದಾರಿ ತಪ್ಪಲ್ಲ. ಬಳಸು ದಾರಿ ಅಷ್ಟೇ. ತ್ರಿಭುಜದ ಬಗೆ ಗೊತ್ತಾಗೋಕೆ ಶೃಂಗ ಬೇಕಾಗಿಲ್ಲ, ಉದ್ದವೂ ಬೇಕಾಗಿಲ್ಲ. ಮೂರು ಗೆರೆಗಳ ಇಳಿಜಾರು ಸಾಕು. ಗೆರೆ ಎಷ್ಟು ಓರೆಯಾಗಿ ಏರುತ್ತೆ ಇಲ್ಲವೇ ಇಳಿಯುತ್ತೆ ಅನ್ನೋದರ ಅಳತೆ ಅದು. ಕ್ಲಾಸಿನಲ್ಲಿ ಎಲ್ಲರೂ ಸ್ಲೋಪ್ ಅಂತಲೇ ಕರೆಯೋದು, ಅದೇ ಇದು.

ಶುರು ಮಾಡುವ ಮೊದಲು ಒಂದು ಮಾತು. ಅಕ್ಷಗಳನ್ನು ಎಕ್ಸ್, ವೈ ಅಂತ ಕನ್ನಡದಲ್ಲೇ ಬರೆಯುತ್ತೇನೆ. ಓದೋಕೆ ಎರಡು ನಿಮಿಷ ವಿಚಿತ್ರ ಅನ್ನಿಸುತ್ತೆ, ಆಮೇಲೆ ಅಭ್ಯಾಸವಾಗುತ್ತೆ.

ಇಳಿಜಾರು ಯಾಕೆ ಸಾಕು?

ಈ ಮೂರು ಗೆರೆ ತೆಗೆದುಕೊಳ್ಳಿ.

2ಎಕ್ಸ್ − ವೈ = 1
ಎಕ್ಸ್ + 2ವೈ = 8
ಎಕ್ಸ್ − 3ವೈ = −2

ಎರಡೆರಡು ಬಿಡಿಸಿದರೆ ಶೃಂಗಗಳು (2, 3), (1, 1), (4, 2). ಬಾಹುಗಳ ಉದ್ದದ ವರ್ಗ 5, 5, 10. ಎರಡು ಸಮ, ಮತ್ತೆ 5 + 5 = 10. ಅಂದರೆ ಇದು ಲಂಬಕೋನ ಸಮದ್ವಿಬಾಹು ತ್ರಿಭುಜ.

ಈಗ ಮೂರನೇ ಗೆರೆಯ ಬಲಗಡೆ ಇರುವ −2 ಅಳಿಸಿ 8 ಬರೆಯಿರಿ. ಶೃಂಗಗಳು (2, 3), (−1, −3), (8, 0) ಆಗುತ್ತವೆ. ಉದ್ದದ ವರ್ಗ 45, 45, 90. ತ್ರಿಭುಜ ಮೂರು ಪಟ್ಟು ದೊಡ್ಡದಾಯಿತು, ಬಗೆ ಮಾತ್ರ ಅದೇ. ಇನ್ನೊಂದು ಸಲ, −12 ಬರೆಯಿರಿ. ಈಗ ಶೃಂಗಗಳು (2, 3), (3, 5), (0, 4). ತ್ರಿಭುಜ ಆ ಕಡೆಗೆ ತಲೆಕೆಳಗಾಗಿ ಕೂತಿದೆ, ಉದ್ದದ ವರ್ಗ ಮತ್ತೆ 5, 5, 10.

ನಡೆದದ್ದು ಇಷ್ಟೇ. ಬಲಗಡೆಯ ಸಂಖ್ಯೆ ಬದಲಾದರೆ ಗೆರೆ ತನ್ನ ದಿಕ್ಕು ಬಿಡದೆ ಪಕ್ಕಕ್ಕೆ ಸರಿಯುತ್ತದೆ. ದಿಕ್ಕು ಬದಲಾಗದಿದ್ದರೆ ಕೋನ ಬದಲಾಗಲ್ಲ. ಕೋನ ಬದಲಾಗದಿದ್ದರೆ ಬಗೆಯೂ ಬದಲಾಗಲ್ಲ. ದೊಡ್ಡ ಮುದ್ದೆ, ಚಿಕ್ಕ ಮುದ್ದೆ, ಎರಡೂ ಮುದ್ದೆಯೇ ಅಲ್ವಾ? ಹಾಗೆ.

ಒಂದೇ ಒಂದು ಅಪವಾದ ಇದೆ. ಅದೇ ಜಾಗದಲ್ಲಿ −7 ಬರೆದು ನೋಡಿ. ಮೂರನೇ ಗೆರೆ ಸೀದಾ (2, 3) ಮೂಲಕವೇ ಹೋಗುತ್ತದೆ. ತ್ರಿಭುಜ ಚುಕ್ಕೆಯಾಗಿ ಹೋಯಿತು. ಹಾಗಾಗಿ ಬಲಗಡೆಯ ಸಂಖ್ಯೆಗಳಿಗೆ ಇರುವ ಕೆಲಸ ಒಂದೇ: ತ್ರಿಭುಜ ಇದೆಯೋ ಇಲ್ಲವೋ ಹೇಳುವುದು. ಇದ್ದರೆ ಅದು ಯಾವುದು ಅಂತ ಹೇಳೋದು ಇಳಿಜಾರು.

ಮೊದಲ ಹೆಜ್ಜೆ: ತ್ರಿಭುಜ ಇದೆಯಾ?

ಪ್ರಶ್ನೆಯಲ್ಲಿ "ತ್ರಿಭುಜ" ಅಂತ ಬರೆದಿದ್ದಾರೆ ಅಂತ ಸುಮ್ನೆ ನಂಬಬೇಡಿ. ಮೂರೂ ಸಮೀಕರಣಗಳನ್ನು ಒಂದೇ ರೂಪಕ್ಕೆ ತನ್ನಿ. ಎಕ್ಸ್, ವೈ ಎರಡೂ ಎಡಗಡೆ, ಬರೀ ಸಂಖ್ಯೆ ಬಲಗಡೆ. ಆಮೇಲೆ ಇಳಿಜಾರು ತೆಗೆಯಿರಿ: ಎಕ್ಸ್‌ನ ಸಹಗುಣಕವನ್ನು, ಅಂದರೆ ಅದಕ್ಕೆ ಅಂಟಿಕೊಂಡ ಸಂಖ್ಯೆಯನ್ನು, ವೈ ಸಹಗುಣಕದಿಂದ ಭಾಗಿಸಿ, ಮುಂದೆ ಒಂದು ಮೈನಸ್. ಮೇಲಿನ ಮೂರು ಗೆರೆಗಳಿಗೆ 2, −1/2, 1/3 ಬರುತ್ತದೆ.

ಎರಡು ಇಳಿಜಾರು ಒಂದೇ ಬಂದರೆ ಆ ಗೆರೆಗಳು ಸಮಾಂತರ, ತ್ರಿಭುಜ ಇಲ್ಲ, ಪೆನ್ನು ಕೆಳಗಿಡಿ. ಪ್ರಶ್ನೆ ಮಾಡುವವರು ಇದನ್ನು ಬಚ್ಚಿಡುತ್ತಾರೆ. 2ಎಕ್ಸ್ − ವೈ = 1 ಒಂದು ಕಡೆ, 6ವೈ = 12ಎಕ್ಸ್ + 5 ಇನ್ನೊಂದು ಕಡೆ. ನೋಡೋಕೆ ಸಂಬಂಧವೇ ಇಲ್ಲ, ಆದರೆ ಎರಡರ ಇಳಿಜಾರೂ 2.

ಮೂರೂ ಬೇರೆ ಬೇರೆ ಬಂದರೆ, ಯಾವುದಾದರೂ ಎರಡು ಗೆರೆಗಳ ಛೇದನ ಬಿಂದು ಕಂಡುಹಿಡಿದು ಮೂರನೆಯದಕ್ಕೆ ಹಾಕಿ. ಹೊಂದಿಕೊಂಡರೆ ಮೂರೂ ಒಂದೇ ಬಿಂದುವಿನಲ್ಲಿ ಸೇರುತ್ತವೆ, ತ್ರಿಭುಜ ಇಲ್ಲ. ಹೊಂದಲಿಲ್ಲವಾ, ತ್ರಿಭುಜ ಇದೆ. ನಿರ್ಧಾರಕ ಹಾಕಿಯೂ ಇದನ್ನು ನೋಡಬಹುದು, ನನಗೆ ಬಿಂದು ಹಾಕಿ ನೋಡುವುದೇ ಇಷ್ಟ. ತಪ್ಪಿದರೆ ಎಲ್ಲಿ ತಪ್ಪಿತು ಅಂತ ಬೇಗ ಸಿಗುತ್ತೆ.

ಎರಡನೇ ಹೆಜ್ಜೆ: ಲಂಬಕೋನ ಇದೆಯಾ?

ಎರಡು ಇಳಿಜಾರುಗಳ ಗುಣಲಬ್ಧ −1 ಬಂದರೆ ಆ ಎರಡು ಗೆರೆ ಲಂಬ. 2 ಮತ್ತು −1/2 ನೋಡಿದ ತಕ್ಷಣ ಕಣ್ಣಿಗೆ ಹೊಡೆಯಬೇಕು. ಭಿನ್ನರಾಶಿ ಬೇಡ ಅನ್ನುವವರಿಗೆ ಇನ್ನೊಂದು ದಾರಿ: ಎರಡು ಗೆರೆಗಳ ಎಕ್ಸ್ ಸಹಗುಣಕಗಳನ್ನು ಗುಣಿಸಿ, ವೈ ಸಹಗುಣಕಗಳನ್ನು ಗುಣಿಸಿ, ಎರಡನ್ನೂ ಕೂಡಿ. ಸೊನ್ನೆ ಬಂದರೆ ಲಂಬ. ಮೇಲಿನ ಮೊದಲ ಎರಡು ಗೆರೆಗೆ 2 × 1 ಮತ್ತು −1 × 2, ಕೂಡಿದರೆ 0. ಈ ದಾರಿಯ ದೊಡ್ಡ ಲಾಭ ಏನಂದ್ರೆ ನೆಟ್ಟಗೆ ನಿಂತ ಗೆರೆಗೂ ಇದು ನಡೆಯುತ್ತೆ, ಅದಕ್ಕೆ ಇಳಿಜಾರು ಹೇಳೋಕೇ ಆಗಲ್ಲವಲ್ಲ.

ಮೂರನೇ ಹೆಜ್ಜೆ: ಜೋಡಿಸಿ, ಸುತ್ತಿ ಬನ್ನಿ

ಇದೇ ನಿಜವಾದ ಕೆಲಸ, ಇಲ್ಲಿ ಸ್ವಲ್ಪ ನಿಧಾನ ಮಾಡಿ.

ಎರಡು ಗೆರೆಗಳ ನಡುವಿನ ಕೋನಕ್ಕೆ ಸೂತ್ರ ಎಲ್ಲರಿಗೂ ಗೊತ್ತು. ಇಳಿಜಾರುಗಳ ವ್ಯತ್ಯಾಸವನ್ನು, ಅವುಗಳ ಗುಣಲಬ್ಧಕ್ಕೆ 1 ಕೂಡಿಸಿ ಬಂದದ್ದರಿಂದ ಭಾಗಿಸಿದರೆ ಆ ಕೋನದ ಟ್ಯಾನ್ (ಟ್ಯಾಂಜೆಂಟ್) ಸಿಗುತ್ತದೆ. ತೊಂದರೆ ಏನಂದ್ರೆ ಪುಸ್ತಕದಲ್ಲಿ ಅದಕ್ಕೆ ಎರಡು ಕಡೆ ಗೂಟ (| | ಗುರುತು) ಹೊಡೆದು ಧನ ಬೆಲೆ ಮಾತ್ರ ತೆಗೆದುಕೊಳ್ಳಿ ಅಂತಾರೆ. ಹಾಗೆ ಮಾಡಿದರೆ ಯಾವಾಗಲೂ ಲಘುಕೋನವೇ, ಅಂದರೆ 90 ಡಿಗ್ರಿಗಿಂತ ಚಿಕ್ಕದೇ ಬರುತ್ತದೆ. ಎರಡು ಗೆರೆ ಕತ್ತರಿಸಿದಾಗ ಒಂದು ಚಿಕ್ಕ ಕೋನ, ಒಂದು ದೊಡ್ಡ ಕೋನ ಆಗುತ್ತದಲ್ಲ, ತ್ರಿಭುಜದ ಒಳಗೆ ಇರೋದು ಯಾವುದು ಅನ್ನೋದೇ ಮರೆತುಹೋಗುತ್ತದೆ. ಒಂದು ಕೋನ 90 ಡಿಗ್ರಿಗಿಂತ ದೊಡ್ಡದಿರುವ ವಿಶಾಲಕೋನ ತ್ರಿಭುಜವನ್ನು ಲಘುಕೋನ ಅಂತ ಬರೆದು ಮಾರ್ಕ್ಸ್ ಕಳೆದುಕೊಳ್ಳೋದು ಇಲ್ಲೇ.

ಹಾಗಾಗಿ ಗೂಟ ಕಿತ್ತುಹಾಕಿ. ಬದಲಿಗೆ ಮೂರು ಇಳಿಜಾರುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಬರೆಯಿರಿ. ಮೊದಲನೆಯದು, ನಡುವಿನದು, ಕೊನೆಯದು. ಆಮೇಲೆ ಇದೇ ಕ್ರಮದಲ್ಲಿ ಮೂರು ಸಲ ಸೂತ್ರ ಹಾಕಿ: ಮೊದಲನೆಯದರಿಂದ ನಡುವಿನದು ಕಳೆಯಿರಿ, ನಡುವಿನದರಿಂದ ಕೊನೆಯದು ಕಳೆಯಿರಿ, ಕೊನೆಯದರಿಂದ ಮತ್ತೆ ಮೊದಲನೆಯದಕ್ಕೆ ಸುತ್ತಿ ಬಂದು ಅದನ್ನು ಕಳೆಯಿರಿ. ದೇವಸ್ಥಾನಕ್ಕೆ ಪ್ರದಕ್ಷಿಣೆ ಬಂದ ಹಾಗೆ, ಶುರು ಮಾಡಿದಲ್ಲಿಗೇ ವಾಪಸ್. ಚಿಹ್ನೆ ಏನು ಬರುತ್ತೋ ಹಾಗೇ ಬಿಡಿ. ಸಿಗುವ ಮೂರು ಸಂಖ್ಯೆಗಳು ತ್ರಿಭುಜದ ಒಳಗಿನ ಮೂರು ಕೋನಗಳ ಟ್ಯಾನ್. ಅವೇ, ಬೇರೆ ಯಾವುದೂ ಅಲ್ಲ.

ಮೂರೂ ಧನ ಬಂದರೆ ಲಘುಕೋನ ತ್ರಿಭುಜ. ಒಂದು ಋಣ ಬಂದರೆ ವಿಶಾಲಕೋನ. ಒಂದರಲ್ಲಿ ಛೇದ ಸೊನ್ನೆಯಾದರೆ ಅಲ್ಲಿ 90 ಡಿಗ್ರಿ, ಲಂಬಕೋನ. ಎರಡು ಸಂಖ್ಯೆ ಒಂದೇ ಬಂದರೆ ಸಮದ್ವಿಬಾಹು. ಯಾವುವೂ ಒಂದೇ ಅಲ್ಲದಿದ್ದರೆ ಅಸಮಬಾಹು. ಬಾಹುವಿನ ಲೆಕ್ಕವೂ ಕೋನದ ಲೆಕ್ಕವೂ ಒಂದೇ ಸಾಲಿನಲ್ಲಿ ಮುಗಿಯಿತು.

ಒಂದು ಪೂರ್ತಿ ಮಾಡಿ ನೋಡೋಣ.

ಎಕ್ಸ್ − ವೈ = 0
ಎಕ್ಸ್ − 3ವೈ = −6
ಎಕ್ಸ್ + 3ವೈ = 24

ಇಳಿಜಾರು 1, 1/3, −1/3. ಪುಣ್ಯಕ್ಕೆ ಸಾಲಾಗಿಯೇ ಇವೆ. ಮೊದಲ ಎರಡು ಗೆರೆ (3, 3)ರಲ್ಲಿ ಸೇರುತ್ತವೆ. ಅದನ್ನು ಮೂರನೆಯದಕ್ಕೆ ಹಾಕಿದರೆ 3 + 9 = 12, 24 ಅಲ್ಲ. ತ್ರಿಭುಜ ಇದೆ. ಈ ಲೆಕ್ಕ ತಯಾರು ಮಾಡುವಾಗ ನಾನೇ ಮೊದಲು ಬಲಗಡೆ 12 ಬರೆದುಬಿಟ್ಟಿದ್ದೆ, ತ್ರಿಭುಜ ಎಲ್ಲಿ ಹೋಯಿತು ಅಂತ ಸ್ವಲ್ಪ ಹೊತ್ತು ಹುಡುಕಿದೆ.

ಮೊದಲ ಸುತ್ತು: 1 − 1/3 ಅಂದರೆ 2/3, ಕೆಳಗೆ 1 + 1/3 ಅಂದರೆ 4/3. ಉತ್ತರ 1/2.
ಎರಡನೆಯದು: 1/3 + 1/3 ಅಂದರೆ 2/3, ಕೆಳಗೆ 1 − 1/9 ಅಂದರೆ 8/9. ಉತ್ತರ 3/4.
ಮೂರನೆಯದು: −1/3 − 1 ಅಂದರೆ −4/3, ಕೆಳಗೆ 1 − 1/3 ಅಂದರೆ 2/3. ಉತ್ತರ −2.

ಒಂದು ಋಣ, ಯಾವ ಎರಡೂ ಸಮ ಅಲ್ಲ. ವಿಶಾಲಕೋನ ಅಸಮಬಾಹು ತ್ರಿಭುಜ. ದೊಡ್ಡ ಕೋನ ಒಂದನೇ ಮತ್ತು ಮೂರನೇ ಗೆರೆಗಳ ನಡುವೆ, ಅಂದರೆ (6, 6)ರಲ್ಲಿ. ನಂಬಿಕೆ ಬರದಿದ್ದರೆ ಉದ್ದ ತೆಗೆಯಿರಿ: ಶೃಂಗಗಳು (3, 3), (6, 6), (9, 5), ಉದ್ದದ ವರ್ಗ 18, 10, 40. 18 + 10 = 28, 40ಕ್ಕಿಂತ ಕಡಿಮೆ. ಸರಿ ಹೋಯಿತು.

ಇನ್ನೊಂದು ತಾಳೆ ಇದೆ, ಅದು ನನಗೆ ಎಲ್ಲಕ್ಕಿಂತ ಇಷ್ಟ. ಮೂರು ಟ್ಯಾನ್‌ಗಳನ್ನು ಕೂಡಿ, ಆಮೇಲೆ ಗುಣಿಸಿ. ಲಂಬಕೋನ ಇಲ್ಲದ ಯಾವ ತ್ರಿಭುಜಕ್ಕಾದರೂ ಎರಡೂ ಒಂದೇ ಬರಬೇಕು. ಇಲ್ಲಿ 1/2 + 3/4 − 2 = −3/4. ಗುಣಿಸಿದರೆ 1/2 × 3/4 × −2 = −3/4. ಇಳಿಜಾರುಗಳನ್ನೇ ತಪ್ಪಾಗಿ ತೆಗೆದಿದ್ದರೆ ಈ ತಾಳೆ ಅದನ್ನು ಹಿಡಿಯಲ್ಲ, ಹಾಗಾಗಿ ಅವು ಸರಿ ಇದ್ದು, ಎರಡೂ ಹೊಂದಿದರೆ ಧೈರ್ಯವಾಗಿ ಮುಂದಿನ ಪ್ರಶ್ನೆಗೆ ಹೋಗಿ. ಹೊಂದದಿದ್ದರೆ ಟ್ಯಾನ್ ತೆಗೆಯುವಾಗ ಎಲ್ಲೋ ಒಂದು ಚಿಹ್ನೆಯೋ ಸಂಖ್ಯೆಯೋ ಕೈಕೊಟ್ಟಿದೆ.

ಚಿಹ್ನೆಯ ಮಾತು ಬಂತಲ್ಲ. ಇಳಿಜಾರು ತೆಗೆಯುವಾಗ ಮುಂದಿನ ಮೈನಸ್ ಮರೆಯೋದು ಎಲ್ಲರ ತಪ್ಪು. ತಮಾಷೆ ಏನು ಗೊತ್ತಾ? ಮೂರು ಗೆರೆಗೂ ಮರೆತರೆ ಉತ್ತರ ಸರಿಯಾಗಿಯೇ ಬರುತ್ತದೆ, ಯಾಕಂದ್ರೆ ಇಡೀ ತ್ರಿಭುಜ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ ಅಷ್ಟೇ, ಬಗೆ ಬದಲಾಗಿರಲ್ಲ. ಎರಡಕ್ಕೆ ಸರಿ ಹಾಕಿ ಒಂದಕ್ಕೆ ಮರೆತರೆ ಮಾತ್ರ ಮುಗೀತು. ತಪ್ಪು ಮಾಡೋದಾದರೂ ಒಂದೇ ಥರ ಮಾಡಿ ಅಂತ ನಾನು ಹುಡುಗರಿಗೆ ಹೇಳ್ತೀನಿ.

ನೆಟ್ಟಗೆ ನಿಂತ ಗೆರೆ ಬಂದರೆ

ಎಕ್ಸ್ = 4 ಥರದ ಗೆರೆಗೆ ಇಳಿಜಾರು ಇಲ್ಲ. ಅದನ್ನು ಎಲ್ಲಕ್ಕಿಂತ ದೊಡ್ಡದು ಅಂತ ಸಾಲಿನ ಮೊದಲಿಗೆ ನಿಲ್ಲಿಸಿ. ಆಗ ಮೊದಲ ಟ್ಯಾನ್ ಅಂದರೆ 1ನ್ನು ನಡುವಿನ ಇಳಿಜಾರಿನಿಂದ ಭಾಗಿಸಿದ್ದು. ಮೂರನೇ ಟ್ಯಾನ್ ಅಂದರೆ −1ನ್ನು ಕೊನೆಯ ಇಳಿಜಾರಿನಿಂದ ಭಾಗಿಸಿದ್ದು. ನಡುವಿನದಕ್ಕೆ ಮಾಮೂಲಿ ಸೂತ್ರ. ಉಳಿದ ಎರಡು −1 ಮತ್ತು −2 ಇದ್ದರೆ ಮೊದಲ ಟ್ಯಾನೇ −1, ಅಂದರೆ 135 ಡಿಗ್ರಿ, ವಿಶಾಲಕೋನ. ಮುಂದೆ ಲೆಕ್ಕವೇ ಬೇಡ, ಎರಡು ವಿಶಾಲಕೋನ ಇರೋಕೆ ಸಾಧ್ಯ ಇಲ್ಲ.

ಕೆಲವು ಜೋಡಿಗಳನ್ನು ನೋಡಿದ ತಕ್ಷಣ ಗುರುತಿಸಬೇಕು. ಒಂದು ಗೆರೆ ಮಲಗಿದೆ, ಉಳಿದೆರಡರ ಇಳಿಜಾರು ಒಂದೇ ಸಂಖ್ಯೆಯ ಧನ ಮತ್ತು ಋಣ, ಉದಾಹರಣೆಗೆ 2 ಮತ್ತು −2. ಇದು ಯಾವಾಗಲೂ ಸಮದ್ವಿಬಾಹು. ಆ ಸಂಖ್ಯೆ 1ಕ್ಕಿಂತ ಜಾಸ್ತಿ ಇದ್ದರೆ ಲಘುಕೋನ, 1 ಆದರೆ ಲಂಬಕೋನ, ಕಡಿಮೆ ಇದ್ದರೆ ವಿಶಾಲಕೋನ. ಮಲಗಿದ ಗೆರೆ ಬದಲು ನಿಂತ ಗೆರೆ ಇದ್ದರೂ ಸಮದ್ವಿಬಾಹುವೇ, ಆದರೆ ಜಾಸ್ತಿ ಕಡಿಮೆ ಉಲ್ಟಾ ಆಗುತ್ತೆ.

ಬೇಲೂರಿಗೆ ಹೋದಾಗ ಗುಡಿ ನಿಂತಿರುವ ಜಗತಿಯ ಅಂಚು ನೋಡಿದ್ದೀರಲ್ಲ, ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ಹೊರಗೆ ಚಾಚಿದೆ. ಅಂಥ ಆಕಾರದ ಸುಲಭ ರೂಪ ಕಾಗದದ ಮೇಲೆ ನೀವೇ ಮಾಡಬಹುದು. ಒಂದು ಚೌಕ ಬರೆದು, ಅದೇ ಮಧ್ಯಬಿಂದು ಇಟ್ಟುಕೊಂಡು ಅಷ್ಟೇ ದೊಡ್ಡ ಇನ್ನೊಂದು ಚೌಕವನ್ನು 45 ಡಿಗ್ರಿ ತಿರುಗಿಸಿ ಬರೆಯಿರಿ. ಎಂಟು ಮೂಲೆಯ ನಕ್ಷತ್ರ ಬರುತ್ತದೆ. ಹೊರಗೆ ಚಾಚಿದ ಒಂದೊಂದು ತ್ರಿಭುಜದ ಗೆರೆಗಳೂ ಇಷ್ಟೇ: ಎಲ್ಲೋ 1, −1 ಮತ್ತು ಒಂದು ನಿಂತ ಇಲ್ಲವೇ ಮಲಗಿದ ಗೆರೆ, ಎಲ್ಲೋ ನಿಂತದ್ದು, ಮಲಗಿದ್ದು ಮತ್ತು 1 ಅಥವಾ −1. ಒಂದು ಉದ್ದವನ್ನೂ ಅಳೆಯದೆ ಹೇಳಬಹುದು, ಎಂಟೂ ಲಂಬಕೋನ ಸಮದ್ವಿಬಾಹು.

ಸಮಬಾಹು ತ್ರಿಭುಜ: ಹುಡುಕಲೇಬೇಡಿ

ಮೂರೂ ಸಮೀಕರಣದಲ್ಲಿ ಬರೀ ಪೂರ್ಣಾಂಕಗಳಿದ್ದರೆ ಆ ತ್ರಿಭುಜ ಸಮಬಾಹು ಆಗೋಕೆ ಸಾಧ್ಯವೇ ಇಲ್ಲ. ಕಾರಣ ಸರಳ. ಪೂರ್ಣಾಂಕ ಸಹಗುಣಕ ಅಂದರೆ ಇಳಿಜಾರು ಭಿನ್ನರಾಶಿ. ಭಿನ್ನರಾಶಿಗಳನ್ನು ಕೂಡಿ ಕಳೆದು ಭಾಗಿಸಿದರೆ ಬರೋದೂ ಭಿನ್ನರಾಶಿಯೇ. ಸಮಬಾಹುವಿಗೆ ಬೇಕಾದದ್ದು 60 ಡಿಗ್ರಿಯ ಟ್ಯಾನ್, ಅಂದರೆ √3, ಅದು ಭಿನ್ನರಾಶಿ ಅಲ್ಲ. ಹಾಗಾಗಿ ಸಮೀಕರಣದಲ್ಲಿ √3 ಥರದ್ದು ಕಾಣದಿದ್ದರೆ, ನಾಲ್ಕು ಆಯ್ಕೆಗಳಲ್ಲಿ "ಸಮಬಾಹು" ಅನ್ನೋದನ್ನು ಓದುವ ಮೊದಲೇ ಹೊಡೆದುಹಾಕಿ.

ಇದನ್ನು ಹೇಳಿದಾಗ ಸಕಲೇಶಪುರದ ಕಡೆಯಿಂದ ಬರುವ ಹುಡುಗ ಒಬ್ಬ ಒಪ್ಪಲಿಲ್ಲ. "ಸರ್, ನಮ್ಮ ತೋಟದಲ್ಲಿ ಕಾಫಿ ಗಿಡ ತ್ರಿಕೋನವಾಗೇ ನೆಟ್ಟಿದ್ದಾರೆ, ಯಾವ ಕಡೆ ಅಳೆದರೂ ಹತ್ತು ಅಡಿ" ಅಂದ. ತೋಟದಲ್ಲಿ ಆಗುತ್ತೆ ಕಣೋ, ಹಗ್ಗ ಹಿಡಿದು ಅಳೆದರೆ ಆಗುತ್ತೆ. ಗ್ರಾಫ್ ಹಾಳೆಯ ಚೌಕದ ಮೂಲೆಗಳ ಮೇಲೇ ಮೂರೂ ಗಿಡ ಕೂರಿಸು ಅಂದರೆ ಆಗಲ್ಲ. ಸಾಲಿನಿಂದ ಸಾಲಿಗೆ ಎಷ್ಟು ಅಂತರ ಬಿಟ್ಟಿದ್ದಾರೆ ಅಂತ ಅಳೆದು ನೋಡು ಅಂದೆ. ಹತ್ತು ಅಡಿ ಇರಲ್ಲ, 5√3, ಅಂದರೆ ಸುಮಾರು 8.66 ಅಡಿ, ಟೇಪಿನಲ್ಲಿ 8 ಅಡಿ 8 ಇಂಚು. ಆ √3 ತೋಟದಲ್ಲೂ ಬಿಡಲ್ಲ.

ಗ್ರಾಫ್ ಬರೆದು ಕಣ್ಣಲ್ಲಿ ನೋಡಿ ಹೇಳಬಹುದಲ್ಲ?

ಬೇಡ. ಇದು ನಾನೇ ಹೊಡೆಸಿಕೊಂಡ ಪಾಠ. ಪಿಯುಸಿಯ ಒಂದು ಟೆಸ್ಟಿನಲ್ಲಿ ವೈ = 5ಎಕ್ಸ್, 5ಎಕ್ಸ್ + ವೈ = 40, ವೈ = 0 ಅಂತ ಮೂರು ಗೆರೆ ಕೊಟ್ಟಿದ್ದರು. ಮೇಲಿನ ಶೃಂಗ (4, 20). 20 ಮಾನ ಎತ್ತರ ಹಾಳೆಯಲ್ಲಿ ಹಿಡಿಯಲ್ಲ ಅಂತ ನಾನು ವೈ ಅಕ್ಷಕ್ಕೆ 1 ಸೆಂ.ಮೀ.ಗೆ 5 ಮಾನ, ಎಕ್ಸ್ ಅಕ್ಷಕ್ಕೆ 1 ಸೆಂ.ಮೀ.ಗೆ 1 ಮಾನ ತೆಗೆದುಕೊಂಡೆ. ಚಿತ್ರ ಎಷ್ಟು ಚೆನ್ನಾಗಿ ಬಂತು ಅಂದರೆ, ಮೇಲಿನ ಮೂಲೆಗೆ ಮೂಲೆಮಟ್ಟ ಇಟ್ಟರೆ ಕರಾರುವಾಕ್ಕಾಗಿ ಕೂತಿತು. ಜಂಬದಿಂದ "ಲಂಬಕೋನ ಸಮದ್ವಿಬಾಹು" ಅಂತ ಬರೆದು ಕೆಳಗೆ ಎರಡು ಗೆರೆ ಎಳೆದೆ. ಸೊನ್ನೆ ಬಂತು.

ಇಳಿಜಾರು 5, 0, −5. ಟ್ಯಾನ್ 5, 5, 5/12. ಮೇಲಿನ ಕೋನ ನಿಜವಾಗಿ ಸುಮಾರು 22.6 ಡಿಗ್ರಿ. ವೈ ಅಕ್ಷವನ್ನು ಐದು ಪಟ್ಟು ಕುಗ್ಗಿಸಿದಾಗ 5 ಮತ್ತು −5 ಹಾಳೆಯ ಮೇಲೆ 1 ಮತ್ತು −1 ಆಗಿ ಕಂಡಿದ್ದವು. ಅಳತೆಪಟ್ಟಿ ಬದಲಿಸಿದರೆ ಇಳಿಜಾರೇ ಬದಲಾಗುತ್ತೆ, ಇಳಿಜಾರು ಬದಲಾದರೆ ತ್ರಿಭುಜವೇ ಬೇರೆ. ಎರಡೂ ಅಕ್ಷಕ್ಕೆ ಒಂದೇ ಅಳತೆ ಇಟ್ಟರೆ ಮಾತ್ರ ಗ್ರಾಫ್ ನಂಬಿ, ಆಗಲೂ 88 ಡಿಗ್ರಿಗೂ 90ಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣಲ್ಲ.

ಗೆರೆ ಬದಲು ಉದ್ದ ಕೊಟ್ಟರೆ

ಆಗ ಇಳಿಜಾರು ಬೇಡ. ದೊಡ್ಡ ಬಾಹುವಿನ ವರ್ಗವನ್ನು ಉಳಿದೆರಡರ ವರ್ಗಗಳ ಮೊತ್ತದ ಜೊತೆ ಹೋಲಿಸಿ, ಅಷ್ಟೇ. ಹಾಸನದಿಂದ ಬೇಲೂರು ಸುಮಾರು 40 ಕಿ.ಮೀ., ಬೇಲೂರಿನಿಂದ ಹಳೇಬೀಡು ಸುಮಾರು 16, ಹಳೇಬೀಡಿನಿಂದ ಹಾಸನ ಸುಮಾರು 30. 16ರ ವರ್ಗ 256, 30ರ ವರ್ಗ 900, ಒಟ್ಟು 1156. 40ರ ವರ್ಗ 1600. ದೊಡ್ಡದೇ ಜಾಸ್ತಿ, ಹಾಗಾಗಿ ವಿಶಾಲಕೋನ, ಅದೂ ಹಳೇಬೀಡಿನಲ್ಲಿ. ರಸ್ತೆ ಸೀದಾ ಇಲ್ಲ, ಸುತ್ತಿ ಬಳಸಿ ಹೋಗುತ್ತೆ, ಹಾಗಾಗಿ ಇದು ಬಸ್ಸಿನಲ್ಲಿ ಕೂತು ಮಾಡುವ ಲೆಕ್ಕ ಅಂತಲೇ ಇಟ್ಟುಕೊಳ್ಳಿ.

ಕೈ ಪಳಗಲು ಮೂರು

ಒಂದನೆಯದು: 3ಎಕ್ಸ್ − 4ವೈ = 2, 4ಎಕ್ಸ್ + 3ವೈ = 11, 7ಎಕ್ಸ್ − ವೈ = 20. ಇಳಿಜಾರು ಸಾಲಾಗಿ 7, 3/4, −4/3. ಮೊದಲ ಟ್ಯಾನ್ 1, ಎರಡನೆಯದರಲ್ಲಿ ಛೇದ ಸೊನ್ನೆ, ಮೂರನೆಯದು 1. ಯಾವ ಬಗೆ ಅಂತ ಇನ್ನು ನಾನು ಹೇಳಬೇಕಾಗಿಲ್ಲ. ಬಲಗಡೆ 20 ಬದಲು 13 ಹಾಕಿದರೆ ಏನಾಗುತ್ತೆ ಅಂತಲೂ ನೋಡಿ.

ಎರಡನೆಯದು: ವೈ = 3ಎಕ್ಸ್, ಎಕ್ಸ್ = 2ವೈ, ಎಕ್ಸ್ + ವೈ = 12. ಇಳಿಜಾರು 3, 1/2, −1. ಟ್ಯಾನ್ 1, 3, 2. ಲಘುಕೋನ ಅಸಮಬಾಹು. ಕೂಡಿದರೂ 6, ಗುಣಿಸಿದರೂ 6, ಇದಕ್ಕಿಂತ ಚಂದದ ತ್ರಿಭುಜ ನಾನಂತೂ ನೋಡಿಲ್ಲ.

ಮೂರನೆಯದು: 4ಎಕ್ಸ್ − 6ವೈ = 1, 9ವೈ = 6ಎಕ್ಸ್ + 7, ಎಕ್ಸ್ + ವೈ = 0. ಇದಕ್ಕೆ ಟ್ಯಾನ್ ಸೂತ್ರ ಹಾಕೋಕೆ ಪೆನ್ನು ಎತ್ತಿದವರು ವಾಪಸ್ ಮೊದಲ ಹೆಜ್ಜೆಗೆ ಹೋಗಿ.